ಕಾಲ್ದಾರಿ ಪ್ರಶ್ನೋತ್ತರ: ಬಂಡೆಯ ಬುಡದ ತನಕ ಯಾವ ಶೂ?

ಕಳೆದ ಸಲ ಬಾದಾಮಿಯಲ್ಲಿ ಬಂಡೆ ಏರಿದ್ದರ ಬಗ್ಗೆ ಬರೆದಿದ್ದೆ. ಹಗ್ಗ ಹೇಗೆ, ಗಂಟು ಹೇಗೆ ಅಂತ ಕೇಳುತ್ತೀರಿ ಅಂದುಕೊಂಡಿದ್ದೆ. ಒಬ್ಬರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಒಂದೇ ಕಡೆ ತಿರುಗಿವೆ: ಬಂಡೆಯ ಬುಡದ ತನಕ ಏನು ಹಾಕಿಕೊಂಡು ನಡೆಯೋದು? ಒಳ್ಳೆಯದೇ ಆಯಿತು. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಆಟ ಕಲಿಸಿದವಳು ನಾನು. ಮಕ್ಕಳನ್ನು ಬೆಟ್ಟ ಗುಡ್ಡ ಅಂತ ಕರೆದುಕೊಂಡು ಹೋದಾಗ ಬಂಡೆಯ ಮೇಲೆ ಬಿದ್ದವರು ಕಡಿಮೆ, ಅಲ್ಲಿ ಹಗ್ಗ ಇರುತ್ತದೆ. ಬಿದ್ದವರೆಲ್ಲ ಹೋಗುವ ದಾರಿಯಲ್ಲಿ, ಬರುವ ದಾರಿಯಲ್ಲಿ. ಅವರಲ್ಲಿ ನಾನೂ ಒಬ್ಬಳು.

ಅಕ್ಕಾ, ನಾನು ಶಿರಸಿಯವನು, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಗೆಳೆಯರೆಲ್ಲ ಬಾದಾಮಿಗೆ ಹೊರಟಿದ್ದೇವೆ. ಬಂಡೆ ಹತ್ತುವ ಬಿಗಿ ಶೂ ಕಲಿಸುವವರೇ ಕೊಡುತ್ತಾರಂತೆ. ನಡೆಯುವುದಕ್ಕೆ ನನ್ನ ಹತ್ತಿರ ಇರುವುದು ಓಟದ ಶೂ. ಒಬ್ಬ ಅಪ್ರೋಚ್ ಶೂ ತಗೋ ಅಂತಾನೆ, ಅದು ಹತ್ತು ಸಾವಿರದ ಮೇಲೆ. ಇನ್ನೊಬ್ಬ ಕಾಲ್ಗಂಟು ಮುಚ್ಚುವ ಬೂಟು ಇಲ್ಲದೆ ಬರಬೇಡ ಅಂತಾನೆ. ಅಪ್ಪ ಇರೋದ್ರಲ್ಲೇ ಹೋಗಿ ಬಾ ಅಂತಾರೆ. ಯಾರ ಮಾತು ಕೇಳಲಿ?

ಅಪ್ಪ ಹೇಳಿದ್ದು ಅರ್ಧ ಸರಿ, ತಮ್ಮಾ. ಮೊದಲ ಸಲಕ್ಕೇ ಹತ್ತು ಸಾವಿರ ಸುರಿಯಬೇಡ. ಬಂಡೆ ಏರುವುದು ನಿನಗೆ ಹಿಡಿಸುತ್ತದೋ ಇಲ್ಲವೋ ಅನ್ನೋದೇ ಇನ್ನೂ ಗೊತ್ತಿಲ್ಲ, ಅಲ್ವಾ?

ಆದರೆ ಓಟದ ಶೂ ಬೇಡ. ಯಾಕೆ ಅಂತ ನನ್ನ ಕಥೆಯಿಂದಲೇ ಹೇಳುತ್ತೇನೆ. ಬಾದಾಮಿಯ ಬಂಡೆ ಕೆಂಪು ಮರಳುಗಲ್ಲು. ಊರಿನಿಂದ ಬುಡಕ್ಕೆ ನಡಿಗೆ ಜಾಸ್ತಿ ಏನಿಲ್ಲ, ಹದಿನೈದು ಇಪ್ಪತ್ತು ನಿಮಿಷ. ಆ ಕಲ್ಲು ಸವೆದು ಉದುರಿದ ಮರಳೇ ದಾರಿ ತುಂಬ ಹರಡಿರುತ್ತದೆ. ಇಳಿಜಾರು ಕಲ್ಲಿನ ಮೇಲೆ ಅದು ರಾಗಿ ಚೆಲ್ಲಿದ ಹಾಗೆ. ನಾನು ಹೊಸ ಓಟದ ಶೂ ಹಾಕಿಕೊಂಡು ಜಂಬದಿಂದ ಇಳಿಯುತ್ತಿದ್ದೆ. ಹಿಮ್ಮಡಿ ಊರಿದೆ, ಸರ್ರನೆ ಹೋಯಿತು. ಎರಡು ಮೀಟರ್ ಕುಳಿತುಕೊಂಡೇ ಜಾರಿದೆ. ಅಂಗೈ ತರಚಿತು, ಬೆನ್ನ ಕೊನೆಯ ಮೂಳೆ ಮೂರು ವಾರ ನೋಯಿತು. ಬೆಂಚಿನ ಮೇಲೆ ಒಂದೇ ಪಕ್ಕ ಕೂರುತ್ತಿದ್ದೆ. ವಿದ್ಯಾರ್ಥಿಗಳು ನಗದ ದಿನ ಇರಲಿಲ್ಲ.

ಓಟದ ಶೂವನ್ನು ಮಾಡಿರೋದೇ ಮುಂದಕ್ಕೆ ಓಡಲಿ ಅಂತ. ಅಡಿಯಲ್ಲಿ ದಪ್ಪ ಮೆತ್ತೆ ಇರುತ್ತದೆ, ಹಿಮ್ಮಡಿ ಎತ್ತರ ಇರುತ್ತದೆ. ಕಲ್ಲಿನ ಅಂಚಿನ ಮೇಲೆ ನಿಂತರೆ ಆ ಮೆತ್ತೆ ಒಂದು ಪಕ್ಕಕ್ಕೆ ಕುಸಿದು ಕಾಲು ಹೊರಳುತ್ತದೆ. ಇನ್ನೊಂದು ಕಾಟ ಮುಳ್ಳು. ಬಯಲುಸೀಮೆಯ ಜಾಲಿ ಮುಳ್ಳು ಆ ಸ್ಪಂಜಿನೊಳಗೆ ಸೂಜಿಯ ಹಾಗೆ ಇಳಿಯುತ್ತದೆ. ನಮ್ಮ ಶಿರಸಿಯವರಿಗೆ ಉಂಬಳ (ಜಿಗಣೆ) ಗೊತ್ತು, ಜಾಲಿ ಮುಳ್ಳು ಗೊತ್ತಿಲ್ಲ.

ಈಗ ಅಪ್ರೋಚ್ ಶೂ. ಬಂಡೆಯ ಬುಡದ ತನಕ ನಡೆಯಲು, ದಾರಿಯಲ್ಲಿ ಸಣ್ಣ ಪುಟ್ಟ ಬಂಡೆ ಎದುರಾದರೆ ಅದನ್ನೂ ಹತ್ತಿ ಹೋಗಲು ಮಾಡಿದ ಶೂ ಅದು. ನೋಡಲು ಕ್ರಿಕೆಟ್ ಆಡುವ ಹುಡುಗರ ಶೂ ತರವೇ ಇರುತ್ತದೆ. ಮಗುಚಿ ನೋಡಿದರೆ ಗೊತ್ತಾಗುತ್ತದೆ. ಹೆಬ್ಬೆರಳ ಕೆಳಗೆ ಹಲ್ಲುಗಳಿಲ್ಲ, ಒಂದು ಅಂಗೈ ಅಗಲ ಸಪಾಟು ರಬ್ಬರು. ಆ ರಬ್ಬರು ಬಂಡೆ ಏರುವ ಶೂಗೆ ಹಾಕುವಂಥ ಅಂಟು ರಬ್ಬರು. ಮೆತ್ತಗಿರುವುದರಿಂದ ಕಲ್ಲಿನ ಸಣ್ಣ ಉಬ್ಬು ತಗ್ಗಿನೊಳಗೆ ಕೂತು ಹಿಡಿಯುತ್ತದೆ. ಹಲ್ಲು ಇದ್ದರೆ ಕಲ್ಲಿಗೆ ತಾಗುವ ಜಾಗವೇ ಕಡಿಮೆ, ಅದಕ್ಕೇ ಮುಂದೆ ಹಲ್ಲು ತೆಗೆದಿರುತ್ತಾರೆ. ಹಿಂದೆ ಮಣ್ಣಿನ ಇಳಿಜಾರಿಗೆ ಹಲ್ಲು ಬಿಟ್ಟಿರುತ್ತಾರೆ. ಮೂತಿಯ ಸುತ್ತ ರಬ್ಬರಿನ ಪಟ್ಟಿ, ಕಲ್ಲಿಗೆ ತಾಗಿ ಹರಿಯದಿರಲಿ ಅಂತ. ಲೇಸು ಬೆರಳ ತನಕ ಇಳಿದಿರುತ್ತದೆ. ನಡೆಯುವಾಗ ಸಡಿಲ ಬಿಡಬಹುದು, ಕಲ್ಲು ಬಂದಾಗ ಬಿಗಿ ಮಾಡಬಹುದು.

ಇದರ ಹಿಂದೆ ಒಂದು ದುಃಖದ ಕಥೆ ಇದೆ. ಹಿಂದೆ ಯುರೋಪಿನಲ್ಲಿ ಬಂಡೆಯ ಬುಡದ ತನಕ ಮೊಳೆ ಹೊಡೆದ ಭಾರದ ಬೂಟಿನಲ್ಲಿ ನಡೆದು, ಅದನ್ನು ಕೆಳಗೇ ಬಿಟ್ಟು, ತೆಳು ಅಟ್ಟೆಯ ಹಗುರ ಶೂ ಹಾಕಿಕೊಂಡು ಹತ್ತುತ್ತಿದ್ದರು. 1935ರಲ್ಲಿ ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿಯ ಆರು ಜನ ಗೆಳೆಯರು ಹೀಗೆ ಹತ್ತಿದವರು ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಕಾಲಲ್ಲಿದ್ದ ಶೂ ಆ ಹಿಮಕ್ಕೆ ಆಗುವಂಥದ್ದಲ್ಲ, ಆಗುವಂಥ ಬೂಟು ಕೆಳಗಿತ್ತು. ದಾರಿಗೂ ಬಂಡೆಗೂ ಒಂದೇ ಅಟ್ಟೆ ಆಗಬೇಕು ಅಂತ ಬ್ರಮಾನಿ ಹಠ ಹಿಡಿದು 1937ರಲ್ಲಿ ಹಲ್ಲಿನ ರಬ್ಬರ್ ಸೋಲ್ ತಂದರು. ಇವತ್ತು ಶೂ ಕೆಳಗೆ ಹಳದಿ ಗುರುತಿನಲ್ಲಿ ‘ವಿಬ್ರಮ್’ ಅಂತ ನೋಡುತ್ತೀಯಲ್ಲ, ಅದು ಅವರ ಹೆಸರಿನ ತುಂಡುಗಳನ್ನು ಜೋಡಿಸಿದ್ದು. ಅಂಟು ರಬ್ಬರಿನ ನಡಿಗೆ ಶೂ ಬಂದದ್ದು ಇನ್ನೂ ತಡವಾಗಿ. 1985ರಲ್ಲಿ ಅಮೆರಿಕದ ಚಾರ್ಲ್ಸ್ ಕೋಲ್ ಎಂಬ ಬಂಡೆ ಏರುವವರು ಫೈವ್ ಟೆನ್ ಅಂತ ಕಂಪನಿ ಶುರು ಮಾಡಿದರು. ಅವರ ಮೊದಲ ಶೂ ಬಂಡೆ ಏರುವುದಲ್ಲ, ಬುಡಕ್ಕೆ ನಡೆಯುವುದೇ.

ಹಗುರ ಯಾಕೆ ಬೇಕು ಅನ್ನುವುದಕ್ಕೆ ನಮ್ಮೂರ ಲೆಕ್ಕ ಹೇಳುತ್ತೇನೆ. ಅಡುಗೆಮನೆಯ ತಕ್ಕಡಿಯಲ್ಲಿ ನನ್ನ ಎರಡು ಶೂಗಳನ್ನು ತೂಗಿದೆ. (ಕೆಳಗೆ ಪೇಪರ್ ಹಾಸಿದ್ದೆ. ಆದರೂ ಅತ್ತೆ ಎರಡು ದಿನ ಮಾತಾಡಲಿಲ್ಲ.) ಹಳೇ ಚರ್ಮದ ಬೂಟು ಒಂದಕ್ಕೆ 640 ಗ್ರಾಂ. ಅಪ್ರೋಚ್ ಶೂ ಒಂದಕ್ಕೆ 390. ವ್ಯತ್ಯಾಸ 250 ಗ್ರಾಂ, ಒಂದು ಹಿಡಿ ಅಡಿಕೆ ಅಷ್ಟೇ. ಐದು ಕಿಲೋಮೀಟರ್‌ಗೆ ಸುಮಾರು ಏಳು ಸಾವಿರ ಹೆಜ್ಜೆ. ಒಂದೊಂದು ಕಾಲು ಮೂರೂವರೆ ಸಾವಿರ ಸಲ ಎತ್ತುತ್ತದೆ. ಎರಡೂ ಕಾಲು ಸೇರಿ ಹೆಚ್ಚಿಗೆ ಎತ್ತಿದ್ದು ಹದಿನೇಳೂವರೆ ಕ್ವಿಂಟಲ್! ಅಷ್ಟು ಅಡಿಕೆ ಮನೆಯಲ್ಲಿದ್ದರೆ ಶೂ ಅಂಗಡಿಯನ್ನೇ ಕೊಳ್ಳಬಹುದಿತ್ತು. ಕಾಲಲ್ಲಿನ ಒಂದು ಕಿಲೋ ಬೆನ್ನಲ್ಲಿನ ಐದು ಕಿಲೋಗೆ ಸಮ ಅಂತ ಬೆಟ್ಟ ಹತ್ತುವವರು ಸುಮ್ನೆ ಹೇಳುವುದಲ್ಲ. ಓಡುವವರ ಮೇಲೆ ಅಳೆದು ನೋಡಿದಾಗಲೂ ಶೂ ಒಂದಕ್ಕೆ 100 ಗ್ರಾಂ ಏರಿದರೆ ಖರ್ಚಾಗುವ ಶಕ್ತಿ ಸುಮಾರು ನೂರಕ್ಕೆ ಒಂದರಷ್ಟು ಏರುತ್ತದೆ.

ಆದರೆ ಹದಿನೈದು ನಿಮಿಷದ ಬಾದಾಮಿ ನಡಿಗೆಗೆ ಈ ತೂಕದ ಲೆಕ್ಕ ದೊಡ್ಡದಲ್ಲ. ಅಲ್ಲಿ ಬೇಕಾದ್ದು ಹಿಡಿತ. ಹಾಗಾಗಿ ನಿನಗೆ ನನ್ನ ಸಲಹೆ: ಹಾಸ್ಟೆಲಿನಲ್ಲಿ ಬ್ಯಾಡ್ಮಿಂಟನ್ ಆಡುವ ಗೆಳೆಯ ಇದ್ದೇ ಇರುತ್ತಾನೆ. ಒಳಾಂಗಣದಲ್ಲಿ ಆಡುವ ಶೂಗೆ ಬೆಲ್ಲದ ಬಣ್ಣದ ಗಮ್ ರಬ್ಬರಿನ ಸೋಲ್ ಇರುತ್ತದೆ. ಒಣ ಕಲ್ಲಿನ ಮೇಲೆ ಅದು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಅಂದರೆ ನಾನು ನಾಲ್ಕು ವರ್ಷ ಅದರಲ್ಲೇ ಕಳೆದೆ. ಸಪಾಟು, ಹಗುರ, ಬೆಲೆ ಕಡಿಮೆ. ಕೆಸರಿಗೆ ಮಾತ್ರ ತರಬೇಡ. ಸೊಪ್ಪಿನ ಬೆಟ್ಟದ ಒದ್ದೆ ಇಳಿಜಾರಿನಲ್ಲಿ ಅದು ಬಾಳೆಹಣ್ಣಿನ ಸಿಪ್ಪೆ.

ಕಾಲ್ಗಂಟು ಮುಚ್ಚುವ ಬೂಟು ಇದ್ದರೆ ಕಾಲು ಉಳುಕುವುದಿಲ್ಲ ಅನ್ನುವ ನಂಬಿಕೆ ಇದೆ. ಮೆತ್ತನೆಯ ಕಾಲರ್ ಯಾರ ಕಾಲನ್ನೂ ಹಿಡಿದು ನಿಲ್ಲಿಸುವುದಿಲ್ಲ. ನೆಲಕ್ಕೆ ಹತ್ತಿರ ಇರುವ ತೆಳು ಸೋಲ್ ಕಾಲಿಗೆ ಕಲ್ಲಿನ ಸುದ್ದಿ ಬೇಗ ಮುಟ್ಟಿಸುತ್ತದೆ. ಇಪ್ಪತ್ತು ಕಿಲೋ ಹೊತ್ತು ನಡೆಯುವವರಿಗೆ ಬೂಟು ಬೇಕಾಗಬಹುದು. ನೀನು ಹೊರುವುದು ನೀರಿನ ಬಾಟಲಿ, ಚಕ್ಕುಲಿ.

ಮುಂದೆ ಎಂದಾದರೂ ಅಪ್ರೋಚ್ ಶೂ ಕೊಳ್ಳುವಾಗ ಸಂಜೆ ಹೋಗು. ದಿನವಿಡೀ ನಡೆದು ಪಾದ ಊದಿರುತ್ತದೆ, ಆಗಿನ ಅಳತೆಯೇ ನಿಜ. ನಡೆಯುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿ. ಅಂಗಡಿಯ ಮೆಟ್ಟಿಲಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲು. ಹೆಬ್ಬೆರಳು ಮುಂದೆ ಗುದ್ದಿದರೆ ಅದು ನಿನ್ನ ಶೂ ಅಲ್ಲ. ಬಂಡೆ ಏರುವ ಶೂ ಬಿಗಿ ಇರಬೇಕು ಅಂತ ಕೇಳಿ ಇದನ್ನೂ ಬಿಗಿ ಕೊಂಡವರ ಉಗುರು ಇಳಿಜಾರಿನಲ್ಲಿ ಕಪ್ಪಾಗುತ್ತದೆ. ನನ್ನ ಎಡಗಾಲಿನದು ಎರಡು ಸಲ ಉದುರಿ ಬಂದಿದೆ. ಆಮೇಲೆ ಸೋಲನ್ನು ಹೆಬ್ಬೆರಳ ಉಗುರಿನಿಂದ ಒತ್ತಿ ನೋಡು. ಉಗುರಿನ ಗುರುತು ಒಂದು ಕ್ಷಣ ನಿಂತು ಮಾಯವಾದರೆ ಮೆತ್ತನೆ ರಬ್ಬರು. ಗುರುತೇ ಮೂಡದಿದ್ದರೆ ಅದು ರಸ್ತೆಗೆ ಮಾಡಿದ ಗಟ್ಟಿ ರಬ್ಬರು. ಮೆತ್ತನೆಯದ್ದಕ್ಕೂ ಒಂದು ದೋಷ ಇದೆ, ಡಾಂಬರು ರಸ್ತೆಯಲ್ಲಿ ಪೆನ್ಸಿಲ್ ರಬ್ಬರಿನ ಹಾಗೆ ಸವೆಯುತ್ತದೆ. ಕಾಲೇಜಿಗೆ ಶೋಕಿಗೆ ಹಾಕಿಕೊಂಡು ಹೋಗಬೇಡ.

ಇನ್ನೊಂದು ಮಾತು. ಬಾದಾಮಿಯಲ್ಲಿ ಮಳೆ ಬಿದ್ದ ಮರುದಿನ ಹತ್ತಬೇಡಿ. ಒದ್ದೆ ಮರಳುಗಲ್ಲು ಮೆತ್ತಗಾಗಿ ಹಿಡಿದ ಅಂಚೇ ಕಿತ್ತು ಬರುತ್ತದೆ. ಕೆಳಗೆ ಬಿಟ್ಟ ಶೂಗಳನ್ನು ಚೀಲದೊಳಗೆ ಹಾಕಿ ಕಟ್ಟಿಡಿ. ಅಲ್ಲಿನ ಕೆಂಪುಮೂತಿ ಮಂಗಗಳು ನನ್ನ ಬಲಗಾಲಿನದ್ದನ್ನು ಒಮ್ಮೆ ಎತ್ತಿಕೊಂಡು ಹೋದವು. ಒಂದು ಬಾಳೆಹಣ್ಣು ಕೊಟ್ಟ ಮೇಲೆ ಬಿಸಾಡಿದವು, ನಾನು ನಿಂತ ಕಡೆಯಲ್ಲ, ಮುಳ್ಳುಕಂಟಿಗೆ.

ಮೇಡಂ, ನಾವು ಕಾರವಾರದವರು. ಭಾನುವಾರ ಮಾಜಾಳಿಯಿಂದ ಗುಡ್ಡ ಹತ್ತಿಳಿದು ತಿಳ್ಮಾತಿ ಕಡಲತೀರಕ್ಕೆ ಹೋಗುತ್ತೇವೆ. ಮಗಳಿಗೆ ದಡದ ಬಂಡೆಗಳನ್ನು ಹತ್ತುವ ಹುಚ್ಚು. ಅವಳ ಹಿಂದೆ ನಾನೂ ಹೋಗಬೇಕಲ್ಲ. ನೀರು ಒಳಗೆ ಹೋಗದ ಶೂ ಅಂತ ದುಬಾರಿಯದ್ದು ತಗೊಂಡೆ. ಈಗ ಒಳಗೆ ಹೋದ ನೀರು ಹೊರಗೇ ಬರುವುದಿಲ್ಲ. ಜಾರುವುದೂ ನಿಂತಿಲ್ಲ.

ಪತ್ರ ಓದಿ ನಗು ಬಂತು, ಕ್ಷಮಿಸಿ. ನಾನೂ ಇದೇ ತಪ್ಪು ಮಾಡಿದವಳೇ.

ನೀರು ತಡೆಯುವ ಶೂ ಒಳಗೆ ತೆಳು ಪೊರೆ ಇರುತ್ತದೆ. ಹೊರಗಿನ ನೀರು ಒಳಗೆ ಬಾರದು, ಒಳಗಿನ ಬೆವರಿನ ಆವಿ ಹೊರಗೆ ಹೋಗಬಹುದು. ಚಳಿ ದೇಶಕ್ಕೆ ಅದು ವರವೇ. ನಮ್ಮ ಕರಾವಳಿಯಲ್ಲಿ ಹೊರಗಿನ ಗಾಳಿಯೇ ಒದ್ದೆ ಬಟ್ಟೆಯ ಹಾಗಿರುತ್ತದೆ. ಆವಿ ಹೋಗುವುದಾದರೂ ಎಲ್ಲಿಗೆ? ಇನ್ನು ಒಂದು ಅಲೆ ಕಾಲ್ಗಂಟಿನ ಮೇಲಿಂದ ನುಗ್ಗಿತು ಅಂದರೆ ಅದೇ ಪೊರೆ ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ನೀರು ತುಂಬಿದ ಕೊಡದ ಹಾಗೆ. ನಿಮಗೆ ಬೇಕಾದ್ದು ಅದರ ಉಲ್ಟಾ: ಜಾಳಿಗೆಯ ಬಟ್ಟೆ ಇರುವ, ಒಳಗೆ ದಪ್ಪ ಮೆತ್ತೆ ಇಲ್ಲದ ಶೂ. ನೀರು ಬರಲಿ, ಹೋಗಲಿ. ಹತ್ತಿಯ ಕಾಲುಚೀಲ ಬೇಡ, ಅದು ಒದ್ದೆಯಾದರೆ ಒಣಗುವುದಿಲ್ಲ, ಗುಳ್ಳೆ ಏಳುತ್ತದೆ.

ಜಾರುವುದಕ್ಕೆ ಮಾತ್ರ ಶೂವನ್ನು ಬೈಯಬೇಡಿ. ಹಾವಸೆ ಕಟ್ಟಿದ ಒದ್ದೆ ಕಲ್ಲಿನ ಮೇಲೆ ಯಾವ ದೇಶದ ಯಾವ ರಬ್ಬರೂ ನಿಲ್ಲುವುದಿಲ್ಲ. ರಬ್ಬರಿಗೂ ಕಲ್ಲಿಗೂ ನಡುವೆ ಲೋಳೆಯ ಪದರ ಇರುತ್ತದೆ. ನೀವು ನಿಂತಿರೋದು ಕಲ್ಲಿನ ಮೇಲಲ್ಲ, ಲೋಳೆಯ ಮೇಲೆ. ಹಾಗಾಗಿ ಕಾಲಿಗಿಂತ ಕಣ್ಣಿಗೆ ಕೆಲಸ ಕೊಡಿ. ಮುಂದಿನ ಸಲ ತಿಳ್ಮಾತಿಗೆ ಹೋದಾಗ ನೀರು ಇಳಿದ ಹೊತ್ತಿನಲ್ಲಿ ಒಂದು ಬಂಡೆಯನ್ನು ಬುಡದಿಂದ ಮೇಲೆ ನೋಡುತ್ತಾ ಬನ್ನಿ. ಕೆಳಗೆ ಹಸಿರು ಪಟ್ಟಿ, ಅಲ್ಲಿ ಕಾಲೇ ಇಡಬೇಡಿ. ಅದರ ಮೇಲೆ ಸಣ್ಣ ಸಣ್ಣ ಬಿಳಿ ಚಿಪ್ಪು ಅಂಟಿದ ಪಟ್ಟಿ. ಕಾಲು ಚೆನ್ನಾಗಿ ನಿಲ್ಲುತ್ತದೆ, ಆದರೆ ಬಿದ್ದರೆ ಕೊಬ್ಬರಿ ತುರಿಯುವ ಮಣೆಯ ಮೇಲೆ ಬಿದ್ದ ಹಾಗೆ. ಇನ್ನೂ ಮೇಲೆ ಎಣ್ಣೆ ಬಳಿದ ಹಾಗೆ ಕಪ್ಪಗೆ ಒಂದು ಪಟ್ಟಿ ಕಾಣುತ್ತದೆ. ಒಣಗಿದ್ದಾಗ ಪಾಪದ್ದು. ಅಲೆಯ ಹನಿ ಬಿತ್ತೋ, ಎಲ್ಲಕ್ಕಿಂತ ಕೆಟ್ಟದ್ದು ಅದೇ. ಮಗಳಿಗೂ ಈ ಪಟ್ಟಿಗಳನ್ನು ತೋರಿಸಿ, ಬೇಗ ಕಲಿಯುತ್ತಾಳೆ. ಉಬ್ಬರದ ಹೊತ್ತು ನೋಡಿಕೊಂಡೇ ಹೊರಡಿ, ವಾಪಸು ಬರುವ ಬಂಡೆ ಅಷ್ಟರಲ್ಲಿ ಮುಳುಗಿರಬಾರದು.

ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಲೇಸಿನ ಕೊಂಡಿಗಳನ್ನು ತಿನ್ನುತ್ತದೆ. ಆ ದುಬಾರಿ ಶೂ ಬಿಸಾಡಬೇಡಿ. ಚಳಿಗಾಲದಲ್ಲಿ ಬೆಳಗಿನ ಇಬ್ಬನಿ ಹುಲ್ಲಿನಲ್ಲಿ ನಡೆಯಲು ಅದಕ್ಕಿಂತ ಒಳ್ಳೆಯದು ಸಿಗದು.

ಸಿದ್ದಾಪುರದಿಂದ ಬರೆಯುತ್ತಿದ್ದೇನೆ. ಹಗುರ ಶೂ ಕಾಲ್ಗಂಟಿಗಿಂತ ಕೆಳಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ಉಂಬಳ, ಬೇಸಿಗೆಯಲ್ಲಿ ರಕ್ತ ಹೀರುವ ಉಣ್ಣೆ ಹುಳು. ನಮ್ಮ ಕಡೆ ಇದರಿಂದ ಉಪಯೋಗ ಇದೆಯೇ?

ಶೂ ಎತ್ತರ ಇದ್ದರೂ ಉಂಬಳ ಹತ್ತುತ್ತದೆ. ಅದಕ್ಕೆ ಬಾಗಿಲು ಬೇಕಿಲ್ಲ, ಲೇಸಿನ ತೂತು ಸಾಕು. ಮೊಣಕಾಲ ತನಕ ಬರುವ ಒತ್ತಾದ ನೇಯ್ಗೆಯ ಚೀಲ ಹಾಕಿ, ಪ್ಯಾಂಟು ಅದರೊಳಗೆ ಸೇರಿಸಿ. ನಮ್ಮಜ್ಜಿ ಸುಣ್ಣ ತಂಬಾಕು ಉಜ್ಜುತ್ತಿದ್ದರು. ನಾನು ಉಪ್ಪಿನ ಪೊಟ್ಟಣ ಇಟ್ಟುಕೊಳ್ಳುತ್ತೇನೆ. ಉಂಬಳದಿಂದ ಹೋಗುವುದು ಒಂದಿಷ್ಟು ರಕ್ತ, ಒಂದಿಷ್ಟು ಮರ್ಯಾದೆ.

ಉಣ್ಣೆಯದ್ದು ತಮಾಷೆಯಲ್ಲ. ಅದು ಕಚ್ಚಿ ಹರಡುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ಪಕ್ಕದ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ. ಸಿದ್ದಾಪುರದಲ್ಲೂ ಜೀವ ಹೋಗಿದೆ, ನಿಮಗೆ ನಾನು ಹೇಳಬೇಕಿಲ್ಲ. ಡಿಸೆಂಬರ್‌ನಿಂದ ಮೇ ತನಕ ಅದರ ಕಾಲ. ಬಂಡೆ ಏರುವ ಒಳ್ಳೆಯ ಕಾಲವೂ ಅದೇ, ನೋಡಿ ಕರ್ಮ. ಆಗಿನ ಮರಿ ಉಣ್ಣೆ ಎಳ್ಳಿನಷ್ಟೂ ಇರುವುದಿಲ್ಲ, ಕಣ್ಣಿಗೆ ಬೀಳುವುದು ಕಷ್ಟ. ಹಾಗಾಗಿ ತಿಳಿ ಬಣ್ಣದ ಪ್ಯಾಂಟು, ಚೀಲದೊಳಗೆ ಸಿಕ್ಕಿಸಿದ್ದು. ಉಣ್ಣೆ ಹತ್ತಿರ ಬಾರದಿರಲಿ ಅಂತ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಶೂ ಕಳಚಿ ಬಂಡೆ ಶೂ ಹಾಕಿಕೊಳ್ಳುವಾಗ ದರಕಿನ ಮೇಲೆ ಕೂರಬೇಡಿ. ಎಲ್ಲರೂ ಮಾಡುವ ತಪ್ಪು ಅದೇ. ಐದು ನಿಮಿಷ ಒಣ ಎಲೆಯ ಮೇಲೆ ಕುಳಿತು ಲೇಸು ಬಿಚ್ಚುತ್ತಾರೆ. ಬರಿ ಕಲ್ಲಿನ ಮೇಲೆ ಕೂರಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬೇಡಿ. ಹೋಗಿ ಬಂದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲು ಹೇಳಿ.

ಯಲ್ಲಾಪುರದಿಂದ: ಐದು ವರ್ಷದ ಹಿಂದೆ ತಂದ ಟ್ರೆಕ್ಕಿಂಗ್ ಶೂ, ನಾಲ್ಕೇ ಸಲ ಹಾಕಿದ್ದು. ಡಬ್ಬಿಯಲ್ಲಿ ಹೊಸದರ ಹಾಗೇ ಇತ್ತು. ಮೊನ್ನೆ ಹಾಕಿಕೊಂಡು ಅರ್ಧ ತಾಸು ನಡೆದೆ, ಸೋಲ್ ಕೇಕಿನ ಹಾಗೆ ಉದುರಿತು. ಮೋಸ ಹೋದೆನೇ?

ಮೋಸ ಅಲ್ಲ, ಮಲೆನಾಡಿನ ಹವೆ. ಹಲವು ಬೂಟುಗಳ ಸೋಲಿನ ನಡುವಿನ ಪದರವನ್ನು ಪಾಲಿಯುರೆಥೇನ್‌ನಿಂದ ಮಾಡುತ್ತಾರೆ. ಅದು ಗಾಳಿಯ ತೇವ ಹೀರಿ ಒಳಗಿಂದಲೇ ಮುರಿಯುತ್ತಾ ಹೋಗುತ್ತದೆ. ಹಾಕಿದರೂ ಹಾಕದಿದ್ದರೂ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ. ಹಗುರ ಶೂಗಳಲ್ಲಿ ಸಾಮಾನ್ಯವಾಗಿ ಇರುವುದು ಇವಿಎ ಎಂಬ ನೊರೆ. ಅದು ತುಳಿದು ತುಳಿದು ಚಪ್ಪಟೆಯಾಗುತ್ತದೆಯೇ ಹೊರತು ಹೀಗೆ ಪುಡಿಯಾಗುವುದಿಲ್ಲ. ನಮ್ಮ ಕಡೆಯವರಿಗೆ ಹಗುರ ಶೂ ಹೇಳುವುದಕ್ಕೆ ನನ್ನ ದೊಡ್ಡ ಕಾರಣ ಇದು, ತೂಕವಲ್ಲ.

ನನಗೂ ಆಗಿದೆ, ನಿಮಗಿಂತ ಕೆಟ್ಟ ಜಾಗದಲ್ಲಿ. ಮೇಲೆ ತೂಗಿದೆನಲ್ಲ 640 ಗ್ರಾಂ, ಅದರ ಅಣ್ಣನಂಥ ಇನ್ನೊಂದು ಜೋಡಿ ಇತ್ತು. ಟ್ರಂಕಿನಲ್ಲಿ ನಾಲ್ಕು ಮಳೆಗಾಲ ಕಳೆದಿತ್ತು. ಗುಡ್ಡದ ತುದಿಯ ಬಂಡೆ ಮುಗಿಸಿ ಇಳಿಯುವಾಗ ಎಡಗಾಲು ಇದ್ದಕ್ಕಿದ್ದಂತೆ ಗಿಡ್ಡವಾದ ಹಾಗಾಯಿತು. ತಿರುಗಿ ನೋಡಿದರೆ ಸೋಲ್ ಹತ್ತು ಹೆಜ್ಜೆ ಹಿಂದೆ ದಾರಿಯಲ್ಲೇ ನಿಂತಿದೆ, ಯಾರೋ ಬಿಟ್ಟು ಹೋದ ಚಪ್ಪಲಿಯ ಹಾಗೆ. ಹಗ್ಗದ ತುಂಡಿನಿಂದ ಅಡಿಯಿಂದ ಮೇಲೆ ಸುತ್ತಿ ಕಟ್ಟಿಕೊಂಡು ಮೂರು ಕಿಲೋಮೀಟರ್ ನಡೆದೆ. ಬಲಗಾಲಿನದು ಬಸ್ ನಿಲ್ದಾಣದ ತನಕ ಬಂತು. ಕಂಡಕ್ಟರ್ ನನ್ನ ಕಾಲು ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ.

ನಿಮ್ಮದನ್ನು ಅಂಟಿಸಲು ಹೋಗಬೇಡಿ. ಅಂಟು ಹಿಡಿಯಬೇಕಾದ ಪದರವೇ ಪುಡಿಯಾಗಿದೆ. ಬರಿ ಮೂತಿ ಬಾಯಿ ಬಿಟ್ಟಿದ್ದರೆ ಅಂಟಿಸಿ ಸುತ್ತ ಹೊಲಿಸಬಹುದಿತ್ತು. ಹೊಲಿಯುವವರಿಗೆ ನೂರಿನ್ನೂರು ಕೊಟ್ಟರೆ ನಾಲ್ಕು ವರ್ಷ ಬಾಳುತ್ತದೆ. ಹೊಸದು ತಂದರೆ ಡಬ್ಬಿಗೆ ಹಾಕದೆ ಗಾಳಿಯಾಡುವ ಕಡೆ ಇಡಿ. ವಾರಕ್ಕೊಮ್ಮೆ ಹಾಕಿ ನಡೆಯಿರಿ. ಒದ್ದೆಯಾದರೆ ಒಳಗಿನ ಮೆತ್ತೆ ತೆಗೆದು ಪೇಪರ್ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ. ಬಚ್ಚಲೊಲೆಯ ಮುಂದೆ ಇಡಬೇಡಿ. ಅಡಿಕೆ ಒಣಗುವ ಕಾವಿಗೆ ಶೂವಿನ ಅಂಟು ಬಿಡುತ್ತದೆ. ಟೂರಿಗೆ ಹೊರಡುವ ಹಿಂದಿನ ದಿನ ಹಳೇ ಶೂವಿನ ಸೋಲನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಪಕ್ಕದಲ್ಲಿ ಕೂದಲೆಳೆ ಬಿರುಕು ಕಂಡರೆ ಮನೆಯಲ್ಲೇ ಬಿಡಿ.

ಕುಮಟಾದಿಂದ ಒಬ್ಬ ಹಿರಿಯರು: ನಾವು ಯಾಣಕ್ಕೆ ಬರಿಗಾಲಲ್ಲಿ ಹೋದವರು. ದಾರಿಯೇ ಇರಲಿಲ್ಲ. ಕೊನೆಗೌಡರು ಅಡಿಕೆ ಮರ ಹತ್ತುವುದು ಯಾವ ಶೂ ಹಾಕಿ? ಹತ್ತು ಸಾವಿರದ ಶೂ ಬಗ್ಗೆ ಬರೆದು ಹುಡುಗರ ತಲೆ ಕೆಡಿಸಬೇಡಮ್ಮ.

ನಮಸ್ಕಾರ. ನಿಮ್ಮ ಮಾತು ತೆಗೆದು ಹಾಕುವಂಥದ್ದಲ್ಲ. ಸೊಕ್ಕಿದ್ದವನು ಯಾಣಕ್ಕೆ, ರೊಕ್ಕಿದ್ದವನು ಗೋಕರ್ಣಕ್ಕೆ ಅನ್ನುತ್ತಿದ್ದ ಕಾಲದಲ್ಲಿ ಹೋದವರು ನೀವು. ಈಗ ಸೊಕ್ಕೂ ಬೇಡ, ವಾಹನ ಹತ್ತಿರದ ತನಕ ಹೋಗುತ್ತದೆ, ಮುಂದೆ ಮೆಟ್ಟಿಲಿದೆ.

ಕೊನೆಗೌಡರ ಪಾದ ನೋಡಿಯೇ ನಾನು ಈ ವಿಷಯ ಕಲಿತದ್ದು. ತವರಿನ ತೋಟದಲ್ಲಿ ಕೊನೆ ಕೊಯ್ಯಲು ಬರುತ್ತಿದ್ದವರ ಕಾಲು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ನಿಂತಿರುತ್ತಿತ್ತು. ಅಂಗಾಲು ಮರಕ್ಕೆ ಅಂಗೈ ಹಾಗೆ ಮಡಚಿಕೊಳ್ಳುತ್ತಿತ್ತು. ಅವರೂ ಬರಿ ಪಾದವನ್ನೇ ನಂಬಿರಲಿಲ್ಲ, ಗಮನಿಸಿದ್ದೀರಾ? ಎರಡೂ ಪಾದಕ್ಕೆ ತಳೆ, ಅಂದರೆ ಬಳೆಯಂಥ ಕುಣಿಕೆ, ಹಾಕುತ್ತಿದ್ದರು. ತಳೆ ಮರವನ್ನು ಹಿಡಿಯುವುದರಿಂದಲೇ ಮೇಲೆ ಹೋಗುವುದು. ಅಂಟು ರಬ್ಬರು ಮಾಡುವ ಕೆಲಸವೂ ಅದೇ. ಆ ಪಾದ ಒಂದು ದಿನದಲ್ಲಿ ಆದದ್ದಲ್ಲ, ಚಿಕ್ಕಂದಿನಿಂದ ಗದ್ದೆ ತೋಟ ತುಳಿದು ಆದದ್ದು. ಎಲ್‌ಕೆಜಿಯಿಂದ ಶೂ ಹಾಕಿಸಿದ ಹುಡುಗನನ್ನು ಈಗ ಚಿರೆಕಲ್ಲಿನ ಗುಡ್ಡಕ್ಕೆ ಬರಿಗಾಲಲ್ಲಿ ಬಿಟ್ಟರೆ ನೂರು ಹೆಜ್ಜೆಗೆ ಕೂರುತ್ತಾನೆ. ತಪ್ಪು ಅವನದಲ್ಲ, ಶೂ ಹಾಕಿಸಿದ ನಮ್ಮದು.

ಹತ್ತು ಸಾವಿರದ್ದು ಬೇಡ ಅಂತ ನಾನೂ ಮೇಲೆ ಹೇಳಿದ್ದೇನೆ. ಇನ್ನೊಂದು ಮಾತಿಗೂ ನಿಮ್ಮ ಸಹಿ ಸಿಗುತ್ತದೆ ಅಂದುಕೊಂಡಿದ್ದೇನೆ. ಬಂಡೆ ಏರುವ ಹುಡುಗರು ಯಾಣದ ಫೋಟೊ ಕಳಿಸಿ ‘ಇಲ್ಲಿ ಹತ್ತಬಹುದಾ’ ಅಂತ ಕೇಳುತ್ತಿರುತ್ತಾರೆ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90. ಕಪ್ಪು ಸುಣ್ಣಕಲ್ಲು, ನೋಡಿದರೆ ಕೈ ತುರಿಸುವುದು ಸಹಜ. ಆದರೆ ಅದು ದೇವರ ಜಾಗ, ಹೆಜ್ಜೇನಿನ ಜಾಗ. ಹತ್ತುವುದಲ್ಲ, ಸುತ್ತುವುದು. ಬಂಡೆಯ ಸೀಳಿನೊಳಗೆ ಸುತ್ತು ಬರುವಾಗ ಅಲ್ಲಿ ನಿಮ್ಮ ಪದ್ಧತಿಯೇ ಇದೆ: ಎಲ್ಲರ ಶೂ ಹೊರಗೆ, ಎಲ್ಲರದ್ದೂ ಬರಿಗಾಲು. ಕಳೆದ ಶಿವರಾತ್ರಿ ಕಳೆದ ಮೇಲೆ ನಾನು ಹೋಗಿದ್ದೆ. ಒಳಗಿನ ಕಲ್ಲು ತಣ್ಣಗೆ, ನುಣ್ಣಗೆ, ಅಲ್ಲಲ್ಲಿ ಬಾವಲಿ ಹಿಕ್ಕೆ. ನನ್ನ ಮುಂದಿದ್ದ ಹುಡುಗ ಕಾಲು ಎತ್ತಿ ಎತ್ತಿ ಇಡುತ್ತಿದ್ದ. ಹಿಂದಿದ್ದ ಒಬ್ಬರು ಅಜ್ಜಿ ‘ಬದಿಗೆ ನಿಲ್ಲು ಮಗಾ’ ಅಂತ ಅವನನ್ನೂ ನನ್ನನ್ನೂ ದಾಟಿ ಸರಸರ ಹೋದರು.